ವೆಂಟಿಲೇಟರ್ ಪೇಷಂಟ್ ಮನೆಯವರ ಸಂದರ್ಶನ: ಇದು ಸಂಶೋಧನೆ ಆಗುತ್ತಾ?

ಪ್ರಶ್ನೆ (ಕೋಲಾರದ ನರ್ಸ್):
ಕೋಲಾರದಲ್ಲಿ ಐಸಿಯು ಡ್ಯೂಟಿ ಮಾಡಿ, ಈಗ ಎಂ.ಎಸ್ಸಿ. ನರ್ಸಿಂಗ್ ಓದುತ್ತಿದ್ದೇನೆ. ವೆಂಟಿಲೇಟರ್ ಹಾಕಿದ ಮರುದಿನವೇ ಕೆಲವರು ಡಾಮಾ (ಡಾಕ್ಟರ್ ಸಲಹೆ ಮೀರಿ ಡಿಸ್ಚಾರ್ಜ್) ಬರೆದುಕೊಟ್ಟು ಪೇಷಂಟನ್ನು ಊರಿಗೆ ಕರೆದುಕೊಂಡು ಹೋಗುತ್ತಾರೆ. ಅವರಷ್ಟೇ ಬಡವರು ಇನ್ನು ಕೆಲವರು ಒಡವೆ ಅಡ ಇಟ್ಟು ನಿಲ್ಲುತ್ತಾರೆ. ಈ ತೀರ್ಮಾನ ಹೇಗೆ ಆಗುತ್ತೆ ಅಂತ ಮನೆಯವರನ್ನೇ ಕೇಳಬೇಕು ಅಂತಿದ್ದೇನೆ. ಗೈಡ್ ಮೇಡಂ "ಹನ್ನೆರಡು ಜನರ ಮಾತು ಕೇಳಿ ಏನು ಸಾಬೀತು ಮಾಡ್ತೀಯಮ್ಮ, ನೂರು ಜನಕ್ಕೆ ಪ್ರಶ್ನಾವಳಿ ಕೊಡು" ಅಂತಾರೆ. ಅವರಿಗೆ ಏನು ಹೇಳಲಿ?

ತುಮಕೂರಿನ ಅನಸ್ತೇಶಿಯಾ ಡಾಕ್ಟರ್:
ಮೇಡಂ ಹೇಳಿದ್ದರಲ್ಲಿ ತಪ್ಪಿಲ್ಲ. ಎಷ್ಟು ಜನ ಡಾಮಾ ಹೋಗ್ತಾರೆ, ಯಾವ ದಿನ, ಬಿಲ್ ಎಷ್ಟಾಗಿತ್ತು, ಎಲ್ಲ ರೆಕಾರ್ಡಿನಲ್ಲೇ ಸಿಗುತ್ತೆ. ಸಂದರ್ಶನದಲ್ಲಿ ನೀವು ಅಂದುಕೊಂಡಿದ್ದೇ ನಿಮಗೆ ಕೇಳಿಸುತ್ತೆ.

ಚಿಕ್ಕಬಳ್ಳಾಪುರದ ನರ್ಸಿಂಗ್ ಟೀಚರ್:
ಡಾಕ್ಟ್ರೇ, ಎಷ್ಟು ಜನ ಅನ್ನೋದು ಸಿಗುತ್ತೆ, ಒಪ್ಪುತ್ತೇನೆ. ಆದರೆ ಡಾಮಾ ಫಾರ್ಮಿನಲ್ಲಿ ಕಾರಣದ ಜಾಗಕ್ಕೆ "ಹಣಕಾಸಿನ ತೊಂದರೆ" ಅಂತ ನಾವೇ ಬರೆದು, ಅವರ ಸಹಿ ಹಾಕಿಸೋದು ಅಲ್ವಾ? ಅಂಥ ಫಾರ್ಮ್ ಸಾವಿರ ನೋಡಿದರೂ ನಮ್ಮ ಮಾತೇ ನಮಗೆ ಸಿಗೋದು.

ತಂಗಿ, ಪ್ರಶ್ನಾವಳಿ ಕೆಟ್ಟದ್ದೇನಲ್ಲ. ಐಸಿಯು ಪೇಷಂಟ್ ಮನೆಯವರಿಗೆ ಏನು ಬೇಕು ಅಂತ 1979ರಲ್ಲಿ ನ್ಯಾನ್ಸಿ ಮೋಲ್ಟರ್ ಅನ್ನೋ ನರ್ಸ್ 45 ಅಂಶಗಳ ಪಟ್ಟಿ ಇಟ್ಟುಕೊಂಡು ಕೇಳಿದರು. ಒಳ್ಳೆಯ ಕೆಲಸ. ಆದರೆ ದೊಡ್ಡಪ್ಪ ಊರಿಂದ ಬರೋ ತನಕ ಮನೆಯಲ್ಲಿ ಯಾರೂ ಬಾಯಿ ಬಿಡಲ್ಲವಲ್ಲ, ಅದಕ್ಕೆ ಟಿಕ್ ಹಾಕಿಸೋದು ಹೇಗೆ? ಏನು ಕೇಳಬೇಕು ಅಂತಲೇ ಗೊತ್ತಿಲ್ಲದಾಗ ಕೂತು ಮಾತಾಡಿಸಲೇಬೇಕು. 1960ರ ದಶಕದಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಅನ್ನೋ ಸಮಾಜಶಾಸ್ತ್ರಜ್ಞರು ಅಮೆರಿಕದ ಆಸ್ಪತ್ರೆಗಳಲ್ಲಿ ಮಾಡಿದ್ದೂ ಇದೇ. ಸಾಯುತ್ತಿರುವವರ ಸುತ್ತ ಯಾರಿಗೆ ಏನು ಗೊತ್ತು, ಯಾರು ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುತ್ತಾರೆ ಅಂತ ನೋಡಿದರು. ಗ್ರೌಂಡೆಡ್ ಥಿಯರಿ, ಅಂದರೆ ಕಂಡಿದ್ದು ಕೇಳಿದ್ದರಿಂದಲೇ ಸಿದ್ಧಾಂತ ಕಟ್ಟುವ ವಿಧಾನ, ಬೆಳೆದಿದ್ದು ಆ ಕೆಲಸದಿಂದಲೇ. ಮೇಡಂಗೆ ಇದನ್ನು ಹೇಳಿ.

ಡಾಕ್ಟರ ಭಯವೂ ನಿಜ. ಯೂನಿಫಾರ್ಮಿನಲ್ಲಿ ಹೋದರೆ "ಚೆನ್ನಾಗಿ ನೋಡ್ಕೊಂಡ್ರಿ ಸಿಸ್ಟರ್" ಅಂತಾರೆ, ಮುಗೀತು. ನೀವು ಕೆಲಸ ಮಾಡಿದ ಐಸಿಯು ಬಿಟ್ಟು ಬೇರೆ ಕಡೆ ಮಾಡಿ. ಸಹಿ ಹಾಕಿದ ಮಗನ ಜೊತೆಗೆ, ಹೊರಗೆ ಕೂತಿದ್ದ ಸೊಸೆಯನ್ನೂ ಬೇರೆಯಾಗಿ ಮಾತಾಡಿಸಿ. ಅಡ ಇಟ್ಟ ಒಡವೆ ಎಷ್ಟೋ ಸಲ ಅವಳದ್ದೇ ಆಗಿರುತ್ತೆ. ಸಾವಾಗಿದ್ದರೆ ತಿಥಿ ಮುಗಿಯುವ ತನಕ ಫೋನೇ ಬೇಡ. ಹನ್ನೆರಡು ಅನ್ನೋ ಲೆಕ್ಕಕ್ಕೂ ಅಂಟಿಕೊಳ್ಳಬೇಡಿ, ಹೊಸ ವಿಷಯ ಬರೋದು ನಿಂತಾಗ ನಿಲ್ಲಿಸಿ. ಬರೆಯುವಾಗ 2007ರ ಕೊರೆಕ್ (COREQ) ಪಟ್ಟಿ, ಅಂದರೆ ಸಂದರ್ಶನದ ಸಂಶೋಧನೆಯ ವರದಿಯಲ್ಲಿ ಏನೇನು ಇರಬೇಕು ಅನ್ನೋ ಪಟ್ಟಿ, ಪಕ್ಕದಲ್ಲಿಟ್ಟುಕೊಳ್ಳಿ, 32 ಅಂಶ ಇವೆ. ಪ್ರಶ್ನೆ ಕೇಳಿದವರು ಯಾರು, ಉತ್ತರ ಕೊಟ್ಟವರಿಗೆ ಮೊದಲೇ ಪರಿಚಯವಿತ್ತಾ ಅಂತ ಅದು ಮೊದಲಿಗೇ ಕೇಳುತ್ತೆ. ಡಾಕ್ಟ್ರು ಕೇಳ್ತಿರೋದೂ ಅದನ್ನೇ.

ಕೋಲಾರದ ನರ್ಸ್:
ತುಂಬಾ ಥ್ಯಾಂಕ್ಸ್ ಅಕ್ಕ. ಶ್ರೀನಿವಾಸಪುರ, ಮುಳಬಾಗಿಲು ಕಡೆಯವರು ಜಾಸ್ತಿ ಮನೆಯಲ್ಲಿ ತೆಲುಗು ಮಾತಾಡ್ತಾರೆ. ಕನ್ನಡದಲ್ಲೇ ಕೇಳಲಾ?

ಚಿಕ್ಕಬಳ್ಳಾಪುರದ ನರ್ಸಿಂಗ್ ಟೀಚರ್:
ತೆಲುಗಲ್ಲೇ ಕೇಳಿ, ತೆಲುಗಲ್ಲೇ ಬರೆದಿಡಿ, ಕನ್ನಡ ಅಕ್ಷರದಲ್ಲಾದರೂ ಪರವಾಗಿಲ್ಲ. ತೆಲುಗು ಕನ್ಸೆಂಟ್ ಫಾರ್ಮನ್ನೂ ಎಥಿಕ್ಸ್ ಕಮಿಟಿಗೆ ಈಗಲೇ ಸೇರಿಸಿ ಕೊಡಿ. ಆಮೇಲೆ ಸೇರಿಸೋಕೆ ಹೋದರೆ ಮುಂದಿನ ಮೀಟಿಂಗ್ ತನಕ ಕಾಯಬೇಕಾಗುತ್ತೆ.