ಮಳೆಯಲ್ಲಿ ಬಿದ್ದೆ, ಮರುದಿನ ಐಡಿ ನಿಂತಿತು: ನಾನು ನೌಕರನೋ ಗುತ್ತಿಗೆದಾರನೋ?

ಮಡಿಕೇರಿ ಸವಾರ:

ಮಡಿಕೇರಿಯಲ್ಲಿ ಮೂರು ವರ್ಷದಿಂದ ಒಂದು ಕಂಪನಿಯ ಆ್ಯಪ್ ಮೂಲಕ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಿದ್ದೇನೆ. ಬೈಕು ನನ್ನದು, ಪೆಟ್ರೋಲ್ ನನ್ನದು. ಕಳೆದ ವರ್ಷ ಜುಲೈನಲ್ಲಿ ಮೇಕೇರಿ ಕಡೆಯ ಹೋಮ್‌ಸ್ಟೇ ಒಂದಕ್ಕೆ ರಾತ್ರಿ ಹೋಗುವಾಗ ತಿರುವಿನ ಪಾಚಿಯ ಮೇಲೆ ಚಕ್ರ ಜಾರಿತು. ಮೊಣಕೈಗೆ ಏಳು ಹೊಲಿಗೆ. ಚೀಲದೊಳಗೆ ಸಾರೆಲ್ಲ ಚೆಲ್ಲಿ ಅನ್ನದ ಡಬ್ಬಿ ತೇಲುತ್ತಿತ್ತು. ಮೊಬೈಲಿಗೆ ಸುತ್ತಿದ್ದ ಪ್ಲಾಸ್ಟಿಕ್ ಕವರಿನ ಮೇಲಿನ ನೀರು ಒರೆಸಿ ಒರೆಸಿ, ಹೇಗೋ ಆರ್ಡರ್ ರದ್ದು ಮಾಡಿದೆ. ಬೆಳಗ್ಗೆ ನೋಡಿದರೆ ಆರ್ಡರ್ ಪಡೆಯುವ ನನ್ನ ಆ್ಯಪ್ ಖಾತೆ, ಅಂದರೆ ಐಡಿ, ಸ್ಥಗಿತ. ಕಾರಣ ಬರೆದಿರಲಿಲ್ಲ. ಹನ್ನೊಂದು ದಿನ ಸಂಪಾದನೆ ಇಲ್ಲ, ಆಸ್ಪತ್ರೆಯ ಖರ್ಚೂ ಕೈಯಿಂದಲೇ.

ಅಮ್ಮ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ತೋಟದ ಗುಮಾಸ್ತರಾದ ರೈಟರ್ ಹಾಜರಿ ಹಾಕುತ್ತಾರೆ, ಪಿಎಫ್ ಇದೆ, ಬೋನಸ್ ಬರುತ್ತದೆ. ದಿನಕ್ಕೆ ಹನ್ನೆರಡು ಗಂಟೆ ಓಡುವ ನನಗೆ ಅದು ಯಾವುದೂ ಇಲ್ಲ. ಆದರೆ ನನ್ನ ಹಣದಲ್ಲಿ ಶೇಕಡಾ 1ರಷ್ಟು ತೆರಿಗೆ ಎಂದು ಮುರಿಯುತ್ತಾರೆ. ಹಳೆಯ ಬೈಕು ಮಾರಿ ಹೊಸದಕ್ಕೆ ಸಾಲ ಕೇಳಲು ಹೋದರೆ ಬ್ಯಾಂಕಿನವರು ಐಟಿ ರಿಟರ್ನ್ ತನ್ನಿ ಎಂದರು. ನಾನು ಒಮ್ಮೆಯೂ ಸಲ್ಲಿಸಿಲ್ಲ. ತಿಂಗಳಿಗೆ ಸರಾಸರಿ 26,000 ಗಳಿಕೆ, ಪೆಟ್ರೋಲ್ ಮತ್ತು ಸರ್ವೀಸಿಗೆ 8,500 ಹೋಗುತ್ತದೆ. ನನ್ನನ್ನು ಕಾನೂನು ಏನೆಂದು ಕರೆಯುತ್ತದೆ? ತಿಳಿದವರು ದಯವಿಟ್ಟು ಹೇಳಿ.

ಕುಶಾಲನಗರ ಲೆಕ್ಕಿಗ:

ತಮ್ಮಾ, ತೆರಿಗೆಯ ಮಟ್ಟಿಗೆ ನೀವು ಸಂಬಳದಾರರಲ್ಲ, ಸ್ವಂತ ಉದ್ಯೋಗಿ. ಆ ಶೇಕಡಾ 1 ಗುತ್ತಿಗೆದಾರರ ಪಾವತಿಯ ಮೇಲಿನ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ; 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಕಲಂ. ವರ್ಷಕ್ಕೆ 3,12,000 ಗಳಿಕೆ ಎಂದರೆ 3,120 ರೂಪಾಯಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಜಮೆಯಾಗಿರಬೇಕು. ಆದಾಯ ತೆರಿಗೆ ಜಾಲತಾಣದಲ್ಲಿ ಮುರಿದ ತೆರಿಗೆಯ ವಿವರವಿರುವ 26ಎಎಸ್ ನಮೂನೆ ತೆರೆದು ನೋಡಿ. ಪ್ಯಾನ್ ಕೊಡದಿದ್ದರೆ ಶೇಕಡಾ 20 ಮುರಿಯುತ್ತಾರೆ, ಅದನ್ನೂ ಪರಿಶೀಲಿಸಿ.

2025-26ರ ಸಾಲಿಗೆ ಐಟಿಆರ್-4 ಎಂಬ ರಿಟರ್ನ್ ನಮೂನೆ ಸಲ್ಲಿಸಿ. ಬ್ಯಾಂಕಿಗೇ ಬರುವ ಹಣಕ್ಕೆ ಅದೇ ಕಾಯ್ದೆಯ 44ಎಡಿ ಕಲಂ ಅಡಿಯಲ್ಲಿ ಕನಿಷ್ಠ ಶೇಕಡಾ 6 ಲಾಭ ತೋರಿಸಿದರೆ ಲೆಕ್ಕಪುಸ್ತಕ ಬೇಡ. ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಹಲವರು ಆ 6ಕ್ಕೇ ನಿಲ್ಲಿಸುತ್ತಾರೆ. ಕಾನೂನು ಕೇಳುವುದು ನಿಜವಾದ ಲಾಭ ಹೆಚ್ಚಿದ್ದರೆ ಅದನ್ನು. ನಿಮ್ಮ ಖರ್ಚು ವರ್ಷಕ್ಕೆ 1,02,000, ಉಳಿಯುವುದು 2,10,000. ಅದನ್ನೇ ಬರೆಯಿರಿ. ಹೊಸ ತೆರಿಗೆ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆಯೇ ಇಲ್ಲ, ಮುರಿದ 3,120 ಪೂರ್ತಿ ವಾಪಸು ಬರುತ್ತದೆ. ಬರೀ ಶೇಕಡಾ 6 ಹಿಡಿದು 18,720 ರೂಪಾಯಿ ವರ್ಷದ ಆದಾಯ ಎಂದು ತೋರಿಸಿದವರಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ?

ಹಿಂದಿನ ಎರಡು ವರ್ಷದ್ದು ಕಷ್ಟ. ಗಡುವು ಮುಗಿದ ಮೇಲೆ ಸಲ್ಲಿಸುವ ಅಪ್‌ಡೇಟೆಡ್ ರಿಟರ್ನಿನಲ್ಲಿ ಮರುಪಾವತಿ ಕೇಳಲು ಬರುವುದಿಲ್ಲ. ವಿಳಂಬವನ್ನು ಮನ್ನಿಸುವಂತೆ ಇಲಾಖೆಗೆ ಪ್ರತ್ಯೇಕ ಅರ್ಜಿ ಹಾಕಬೇಕು.

ಸೋಮವಾರಪೇಟೆ ಸೈಬರ್ ಅಕ್ಕ:

ತೆರಿಗೆಯ ವಿಷಯ ಸರ್ ಹೇಳಿದ್ದಾರೆ. ಹಕ್ಕಿನ ವಿಷಯ ನನಗೆ ಬಿಡಿ, ನಮ್ಮ ಅಂಗಡಿಗೆ ನಿಮ್ಮಂಥ ಹುಡುಗರು ದಿನವೂ ಬರುತ್ತಾರೆ.

ಐಡಿ ನಿಲ್ಲಿಸಿದ್ದಕ್ಕೆ ಸುಮ್ಮನೆ ಕೂರಬೇಡಿ. ನಿಮ್ಮಂತೆ ಆ್ಯಪ್ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕದಲ್ಲಿ 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ ಬಂತು, ಸೆಪ್ಟೆಂಬರಿನಲ್ಲಿ ಅದು ಕಾಯ್ದೆಯಾಯಿತು. ಕೆಲಸದಿಂದ ತೆಗೆಯುವುದಾದರೆ ಲಿಖಿತವಾಗಿ ಕಾರಣ ಕೊಟ್ಟು 14 ದಿನ ಮೊದಲೇ ತಿಳಿಸಬೇಕು. ಐಡಿ ಸ್ಥಗಿತಕ್ಕೆ ಯಾವ ಕಾರಣಗಳು ಎಂಬುದು ಕರಾರಿನಲ್ಲೇ ಇರಬೇಕು. ಮೊದಲು ನಿಮ್ಮ ಕರಾರನ್ನು ತೆರೆದು ಓದಿ. ಪ್ರತಿ ವಹಿವಾಟಿನಲ್ಲಿ ನಿಮಗೆ ಕೊಡುವ ಹಣದ ಶೇಕಡಾ 1ರಿಂದ 5ರವರೆಗೆ ಕಂಪನಿಯೇ ಕಲ್ಯಾಣ ನಿಧಿಗೆ ಕಟ್ಟಬೇಕು. ಇದು ಟಿಡಿಎಸ್ ಅಲ್ಲ, ನಿಮ್ಮ ಜೇಬಿನಿಂದ ಹೋಗುವಂಥದ್ದಲ್ಲ. ಎರಡನ್ನೂ ಬೆರೆಸಿಕೊಂಡವರನ್ನು ಬಹಳ ನೋಡಿದ್ದೇನೆ.

ರಾಜ್ಯದ ವಿಮಾ ಯೋಜನೆಯೂ ಇದೆ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 4 ಲಕ್ಷ, ಆಸ್ಪತ್ರೆ ವೆಚ್ಚಕ್ಕೆ 1 ಲಕ್ಷದವರೆಗೆ. ಅದಕ್ಕೆ ಬೇಕಾದ ಇ-ಶ್ರಮ್, ಅಂದರೆ ಕೇಂದ್ರದ ಕಾರ್ಮಿಕರ ಜಾಲತಾಣದ ನೋಂದಣಿಯನ್ನು ಇವತ್ತೇ ಮಾಡಿಸಿ. ಮತ್ತೆ ಮಳೆ ಹಿಡಿದಿದೆ, ನಾಳೆ ಎನ್ನಬೇಡಿ.

ವಿರಾಜಪೇಟೆ ಟ್ಯಾಕ್ಸಿ:

ಬಿದ್ದ ದಿನದ ಚೀಟಿ, ಬಿಲ್ಲು, ಐಡಿ ನಿಂತ ಪರದೆಯ ಚಿತ್ರ ಇವೆಯೇ? ನನ್ನ ಬಳಿ ಏನೂ ಇರಲಿಲ್ಲ, ಅದಕ್ಕೇ ಸೋತೆ. ಇನ್ನು ಪಿಎಫ್ ಆಸೆ ಇಟ್ಟುಕೊಳ್ಳಬೇಡಿ ತಮ್ಮಾ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯೂ ನಮ್ಮನ್ನು ನೌಕರರ ಸಾಲಿನಲ್ಲಿ ಇಟ್ಟಿಲ್ಲ, ಗಿಗ್ ಕಾರ್ಮಿಕ ಎಂದು ಬೇರೆಯೇ ಹೆಸರು ಕೊಟ್ಟಿದೆ. ಮಾಲೀಕನಂತೆ ಖರ್ಚು ಹೊರುತ್ತೇವೆ, ಆಳಿನಂತೆ ಅಪ್ಪಣೆ ಪಾಲಿಸುತ್ತೇವೆ. ಇದು ನ್ಯಾಯವಲ್ಲ ಎಂದು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮಡಿಕೇರಿ ಸವಾರ:

ಎಲ್ಲರಿಗೂ ಕೈ ಮುಗಿಯುತ್ತೇನೆ. 26ಎಎಸ್ ನೋಡಿದೆ, 3,120 ಇದೆ! ಬಿಲ್ಲುಗಳನ್ನು ಅಮ್ಮ ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದರು, ಒಂದಕ್ಕೆ ಮಾತ್ರ ಗೆದ್ದಲು ಹಿಡಿದಿದೆ. ಅಕ್ಕ, ಒಂದು ಭಯ: ವಿಮೆಗೆ ಆದಾಯ ತೆರಿಗೆ ಕಟ್ಟುವವರು ಅರ್ಹರಲ್ಲವಂತೆ. ರಿಟರ್ನ್ ಸಲ್ಲಿಸಿದರೆ ಅದು ತಪ್ಪಿಹೋಗುವುದಿಲ್ಲವೇ?

ಸೋಮವಾರಪೇಟೆ ಸೈಬರ್ ಅಕ್ಕ:

ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ನಿಮ್ಮ ತೆರಿಗೆ ಸೊನ್ನೆ. ಸ್ವೀಕೃತಿ ಪತ್ರದ ಪ್ರತಿಯನ್ನು ಅರ್ಜಿಯ ಜೊತೆಗೇ ಇಟ್ಟುಕೊಳ್ಳಿ, ಕೇಳಿದರೆ ತೋರಿಸಬಹುದು. ಶನಿವಾರ ಬನ್ನಿ, ಆಧಾರ್‌ಗೆ ಜೋಡಿಸಿದ ಮೊಬೈಲನ್ನು ಮರೆಯದೆ ತನ್ನಿ.