ಕಾರಿಗೆ ಹೊಸ ಟೈರ್: ಕಂಪನಿ ಆಮೇಲೆ, ಮೊದಲು ನಿಮ್ಮ ರಸ್ತೆ ಹೇಳಿ

ಪ್ರಶ್ನೆ (ಉಡುಪಿಯ ಸದಸ್ಯರು):

ನಮಸ್ಕಾರ ಸರ್. ನನ್ನದು 2019ರ ಸ್ವಿಫ್ಟ್, ಪೆಟ್ರೋಲ್. ಟೈರ್ ಸೈಜು 185/65 ಆರ್15. ಗಾಡಿ ಜೊತೆ ಬಂದ ಟೈರುಗಳೇ ಈಗಲೂ ಇವೆ, 45 ಸಾವಿರ ಕಿ.ಮೀ. ದಾಟಿದೆ. ಮುಂದಿನ ಎರಡು ಸವೆದಿವೆ. ಹಿಂದಿನವು ನೋಡಲು ಚೆನ್ನಾಗಿಯೇ ಇವೆ. ವಾರವಿಡೀ ಉಡುಪಿ–ಮಣಿಪಾಲ ಓಡಾಟ. ತಿಂಗಳಿಗೆ ಒಂದೆರಡು ಸಲ ಆಗುಂಬೆ ಘಾಟಿ ಹತ್ತಿ ತೀರ್ಥಹಳ್ಳಿಗೆ ಹೋಗುತ್ತೇವೆ, ಅಲ್ಲಿ ಹೆಂಡತಿಯ ತವರು. ಮಳೆಗಾಲದಲ್ಲೂ ಹೋಗಲೇಬೇಕು.

ಅಂಗಡಿಗಳಲ್ಲಿ ವಿಚಾರಿಸಿದೆ. ಒಬ್ಬೊಬ್ಬರು ಒಂದೊಂದು ಕಂಪನಿ ಹೇಳಿದರು. ಒಬ್ಬರಂತೂ ‘ಇದು ಲಕ್ಷ ಕಿಲೋಮೀಟರ್ ಬರುತ್ತದೆ, ಕಣ್ಣು ಮುಚ್ಚಿ ತಗೊಳ್ಳಿ’ ಅಂದರು. ತಲೆ ಕೆಟ್ಟು ಹೋಗಿದೆ ಮಾರಾಯ್ರೆ. ಯಾವ ಕಂಪನಿ ಒಳ್ಳೆಯದು? ನಾಲ್ಕೂ ಬದಲಿಸಬೇಕಾ, ಮುಂದಿನ ಎರಡು ಸಾಕಾ?

ಉತ್ತರ (ಹಾಸನದ ಟೈರ್ ಮತ್ತು ವೀಲ್ ಅಲೈನ್‌ಮೆಂಟ್ ಅಂಗಡಿಯವರು):

ನಮಸ್ಕಾರ ಸರ್. ನೀವು ಓಡಾಡುವ ರಸ್ತೆ ಯಾವುದು ಅಂತ ಬರೆದಿದ್ದೀರಿ, ಅದು ಬಹಳ ಒಳ್ಳೆಯದಾಯಿತು. ಅಂಗಡಿಗೆ ಬರುವವರಲ್ಲಿ ಹೆಚ್ಚಿನವರು ಕಂಪನಿ ಹೆಸರು, ರೇಟು, ಎಷ್ಟು ಕಿ.ಮೀ. ಬರುತ್ತದೆ, ಇಷ್ಟೇ ಕೇಳುತ್ತಾರೆ. ರಸ್ತೆಯ ಮಾತೇ ಬರುವುದಿಲ್ಲ.

ಒಂದೇ ಕಂಪನಿ ಒಂದೇ ಸೈಜಿನಲ್ಲಿ ಎರಡು ಮೂರು ಬಗೆಯ ಟೈರ್ ಮಾಡುತ್ತದೆ. ಅಪೊಲೊದಲ್ಲಿ ಅಮೇಜರ್ 4ಜಿ ಲೈಫ್ ಇದೆ, ಅದು ಬಾಳಿಕೆಗೆ. ಅದೇ ಅಪೊಲೊದ ಆಲ್ನ್ಯಾಕ್ 4ಜಿ ಹಿಡಿತಕ್ಕೆ. ಸಿಯೆಟ್‌ನಲ್ಲಿ ಮೈಲೇಝ್ ಬಾಳಿಕೆಗೆ, ಸೆಕ್ಯುರಾಡ್ರೈವ್ ಹಿಡಿತಕ್ಕೆ. ಗುಡ್‌ಇಯರ್‌ನಲ್ಲಿ ಡ್ಯುರಾಪ್ಲಸ್ ಬಾಳಿಕೆಗೆ, ಟ್ರಿಪಲ್‌ಮ್ಯಾಕ್ಸ್ ಒದ್ದೆ ರಸ್ತೆಯ ಬ್ರೇಕಿಗೆ. ಹಾಗಾಗಿ ‘ಅಪೊಲೊ ಒಳ್ಳೆಯದಾ, ಸಿಯೆಟ್ ಒಳ್ಳೆಯದಾ’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಬಾಳಿಕೆ ಬೇಕಾ, ಹಿಡಿತ ಬೇಕಾ ಅನ್ನುವುದನ್ನು ಮೊದಲು ತೀರ್ಮಾನಿಸಬೇಕು.

ಎರಡೂ ಬೇಕು ಅಂತ ಎಲ್ಲರಿಗೂ ಆಸೆ. ಆದರೆ ಗಟ್ಟಿ ರಬ್ಬರ್ ನಿಧಾನ ಸವೆಯುತ್ತದೆ, ಒದ್ದೆ ಡಾಂಬರಿನ ಮೇಲೆ ಅಷ್ಟು ಕಚ್ಚುವುದಿಲ್ಲ. ಮೆದು ರಬ್ಬರ್ ಚೆನ್ನಾಗಿ ಕಚ್ಚುತ್ತದೆ, ಬೇಗ ಸವೆಯುತ್ತದೆ. ರಬ್ಬರಿಗೆ ಸಿಲಿಕಾ ಬೆರೆಸಿ ಈ ಅಂತರವನ್ನು ಕಂಪನಿಗಳು ಸಾಕಷ್ಟು ತಗ್ಗಿಸಿವೆ. ಪೂರ್ತಿ ಹೋಗಿಲ್ಲ.

ನಿಮಗೆ ನನ್ನ ಸಲಹೆ ನೇರ. ಆಗುಂಬೆಯ ಹೇರ್‌ಪಿನ್ ತಿರುವು, ಕರಾವಳಿಯ ಮಳೆ, ಮನೆಯವರು ಜೊತೆಯಲ್ಲಿ. ಹಿಡಿತದ ಟೈರನ್ನೇ ಹಾಕಿಸಿ. ಲಕ್ಷ ಕಿಲೋಮೀಟರ್ ಲೆಕ್ಕ ನಿಮಗೆ ಬೇಡ. ನಿಮ್ಮ ಗಾಡಿ ವರ್ಷಕ್ಕೆ ಏಳೆಂಟು ಸಾವಿರ ಕಿ.ಮೀ. ಓಡುತ್ತಿದೆ. ಆ ಲೆಕ್ಕದಲ್ಲಿ ಲಕ್ಷ ಮುಟ್ಟಲು ಹನ್ನೆರಡು ವರ್ಷಕ್ಕೂ ಹೆಚ್ಚು ಬೇಕು. ಅಷ್ಟು ಹೊತ್ತಿಗೆ ಟೈರಿನ ಮೇಲ್ಮೈಯ ಗೀರು (ಕೊರೆದ ತೋಡು) ಉಳಿದಿದ್ದರೂ ರಬ್ಬರ್ ಒಣಗಿ ಬಿರುಕು ಬಿಟ್ಟಿರುತ್ತದೆ. ದುಡ್ಡು ಕೊಟ್ಟ ಬಾಳಿಕೆ ಬಳಕೆಗೇ ಬರುವುದಿಲ್ಲ, ಅಲ್ವಾ?

ಇನ್ನು ಎರಡಾ ನಾಲ್ಕಾ ಅನ್ನುವುದು. ಸ್ವಿಫ್ಟ್‌ಗೆ ಎಂಜಿನ್ನಿನ ಎಳೆತ, ಸ್ಟೇರಿಂಗ್, ಬ್ರೇಕಿನ ಹೆಚ್ಚು ಭಾರ, ಎಲ್ಲ ಮುಂದಿನ ಚಕ್ರಗಳ ಮೇಲೆಯೇ. ಅದಕ್ಕೇ ಅವು ಮೊದಲು ಸವೆಯುತ್ತವೆ. ಹಿಂದಿನವು ಚೆನ್ನಾಗಿ ಕಾಣುತ್ತಿದ್ದರೂ 2019ರವು. ಆರು ವರ್ಷ ದಾಟಿದ ರಬ್ಬರ್ ಗಟ್ಟಿಯಾಗಿರುತ್ತದೆ. ಗೀರಿನ ಒಳಗೆ, ಸೈಡ್‌ವಾಲ್‌ನಲ್ಲಿ (ಟೈರಿನ ಪಕ್ಕದ ಗೋಡೆಯಲ್ಲಿ) ಕೂದಲೆಳೆಯಂಥ ಬಿರುಕು ಇದೆಯಾ ಹಗಲು ಬೆಳಕಿನಲ್ಲಿ ನೋಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾಲ್ಕೂ ಬದಲಿಸುತ್ತಿದ್ದೆ.

ಮರು ಪ್ರಶ್ನೆ (ಉಡುಪಿಯ ಸದಸ್ಯರು):

ತುಂಬಾ ಥ್ಯಾಂಕ್ಸ್ ಸರ್. ಹಿಡಿತದ್ದೇ ಹಾಕಿಸುತ್ತೇನೆ. ಅಂಗಡಿಯಲ್ಲಿ ಟೈರ್ ಮುಂದೆ ಇಟ್ಟಾಗ ಏನೇನು ನೋಡಬೇಕು? ಮೇಲೆ ಬರೆದಿರುವ ಅಂಕಿಗಳು ನನಗೆ ಅರ್ಥ ಆಗುವುದಿಲ್ಲ. ನನ್ನ ಗೆಳೆಯ 195/65 ಹಾಕಿಸು, ಗಾಡಿ ರಸ್ತೆಗೆ ಅಂಟಿಕೊಂಡು ಹೋಗುತ್ತದೆ ಅನ್ನುತ್ತಿದ್ದಾನೆ.

ಉತ್ತರ:

185 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಪಕ್ಕದ ಗೋಡೆಯ ಎತ್ತರ, ಅಗಲದ ಶೇಕಡಾ 65. ಆರ್ ಅಂದರೆ ರೇಡಿಯಲ್, ಟೈರಿನ ಒಳಗಿನ ನೂಲಿನ ಹೆಣಿಗೆಯ ಬಗೆ. 15 ಅಂದರೆ ಡಿಸ್ಕ್‌ನ, ಅಂದರೆ ಟೈರ್ ಕೂರುವ ಲೋಹದ ಚಕ್ರದ ಅಳತೆ, ಇಂಚಿನಲ್ಲಿ. ಇದರ ಮುಂದೆ 88ಎಚ್ ಎಂದೋ 88ಟಿ ಎಂದೋ ಇರುತ್ತದೆ. 88 ಭಾರದ ಸಂಖ್ಯೆ, ಒಂದು ಟೈರ್ 560 ಕಿಲೋ ಹೊರಬಲ್ಲದು ಎಂದರ್ಥ. ಅಕ್ಷರ ವೇಗದ್ದು. ಎಸ್ ಇದ್ದರೆ ಗಂಟೆಗೆ 180 ಕಿ.ಮೀ., ಟಿ ಇದ್ದರೆ 190, ಎಚ್ ಇದ್ದರೆ 210. ಗಾಡಿಯ ಮ್ಯಾನುಯಲ್‌ನಲ್ಲಿ ಏನು ಕೊಟ್ಟಿದ್ದಾರೋ ಅದಕ್ಕಿಂತ ಜಾಸ್ತಿ ಇರಬಹುದು, ಕಮ್ಮಿ ಆಗಬಾರದು. ವೇಗದ ಅಕ್ಷರಕ್ಕಿಂತ ಭಾರದ ಸಂಖ್ಯೆಯ ಮೇಲೆ ಕಣ್ಣಿಡಿ. ಐದು ಜನ, ಡಿಕ್ಕಿ ತುಂಬ ಸಾಮಾನು ಹೇರಿ ಘಾಟಿ ಹತ್ತುವವರು ನೀವು.

ಆಮೇಲೆ ತಯಾರಾದ ವಾರ. ಡಾಟ್ (DOT) ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತವೆ. 1425 ಅಂತಿದ್ದರೆ 2025ರ 14ನೇ ವಾರ. ಕೆಲವು ಟೈರಿನಲ್ಲಿ ಇದು ಒಂದೇ ಪಕ್ಕದಲ್ಲಿರುತ್ತದೆ. ಆ ಪಕ್ಕ ಒಳಗಡೆ ಬಂದುಬಿಟ್ಟರೆ ಫಿಟ್ ಮಾಡಿದ ಮೇಲೆ ಕಾಣುವುದೇ ಇಲ್ಲ. ಹಾಗಾಗಿ ಡಿಸ್ಕ್‌ಗೆ ಏರಿಸುವ ಮೊದಲೇ ನಾಲ್ಕನ್ನೂ ತಿರುಗಿಸಿ ನೋಡಿ. ಆರು ತಿಂಗಳ ಒಳಗಿನದು ಸಿಕ್ಕರೆ ಒಳ್ಳೆಯದು. ವರ್ಷದ ಒಳಗಿನದಾದರೂ ತಕರಾರಿಲ್ಲ. ಅದಕ್ಕಿಂತ ಹಳೆಯದಾದರೆ ನಯವಾಗಿ ‘ಬೇರೆ ತರಿಸಿಕೊಡಿ’ ಅನ್ನಿ. ಕೇಳಲು ಸಂಕೋಚ ಬೇಡ. ಆಫರ್ ಅಂತ ಬಹಳ ಕಮ್ಮಿ ರೇಟಿಗೆ ಕೊಡುವಾಗ ಈ ನಾಲ್ಕು ಅಂಕಿ ನೋಡಲೇಬೇಕು. ಐಎಸ್‌ಐ ಗುರುತು ಇಲ್ಲದ ಟೈರ್ ಬೇಡವೇ ಬೇಡ.

195/65 ವಿಷಯ. ನಿಮ್ಮ ಈಗಿನ ಟೈರಿನ ಒಟ್ಟು ಎತ್ತರ ಸುಮಾರು 621 ಮಿ.ಮೀ. 195/65 ಆದರೆ 634. ಶೇಕಡಾ 2ರಷ್ಟು ಜಾಸ್ತಿ. ಮೀಟರ್ 100 ತೋರಿಸುವಾಗ ಗಾಡಿ ಇನ್ನೆರಡು ಕಿ.ಮೀ. ಜಾಸ್ತಿ ಓಡುತ್ತದೆ, ಪಿಕಪ್ ಸ್ವಲ್ಪ ಮಂದವಾಗುತ್ತದೆ. ಅದೇನೂ ದೊಡ್ಡದಲ್ಲ. ಡಿಸ್ಕ್‌ನ ಅಗಲ ಮಾತ್ರ ದೊಡ್ಡ ವಿಷಯ. 195/65ಕ್ಕೆ ಕಮ್ಮಿ ಅಂದರೂ ಐದೂವರೆ ಇಂಚು ಅಗಲದ ಡಿಸ್ಕ್ ಬೇಕು. ನಿಮ್ಮ ಡಿಸ್ಕ್ ಮೇಲೆ 5ಜೆ (ಐದು ಇಂಚು ಅಗಲ) ಅಂತ ಇದ್ದರೆ ಅಲ್ಲಿಗೆ ಮಾತು ಮುಗಿಯಿತು, ಹಾಕಿಸಬೇಡಿ. ಕಿರಿದಾದ ಡಿಸ್ಕ್‌ಗೆ ಅಗಲದ ಟೈರ್ ಏರಿಸಿದರೆ ತಿರುವಿನಲ್ಲಿ ಗೋಡೆ ಓಲಾಡುತ್ತದೆ. ಅಗಲವಾದ ಟೈರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಕೂಡ. ನಿಮ್ಮೂರಿನ ಮಳೆಗೆ 185 ಸರಿಯಾಗಿದೆ. ಕಂಪನಿ ಕೊಟ್ಟ ಸೈಜನ್ನೇ ಇಟ್ಟುಕೊಳ್ಳಿ.

ಪ್ರಶ್ನೆ (ಸಾಗರದ ಸದಸ್ಯೆ):

ಸರ್, ನನಗೆ ಈಗ ಎರಡು ಟೈರಿಗಷ್ಟೇ ದುಡ್ಡು ಹೊಂದುತ್ತದೆ. ಹಿಂದಿನ ಎರಡೂ ಟೈರ್ ಎರಡೂವರೆ ವರ್ಷ ಹಳೆಯವು, ಚೆನ್ನಾಗಿವೆ. ಹೊಸದನ್ನು ಮುಂದೆ ಹಾಕಿಸಲಾ? ಎಲ್ಲರೂ ಹಾಗೇ ಹೇಳುತ್ತಿದ್ದಾರೆ.

ಉತ್ತರ:

ಇಲ್ಲ ಮೇಡಂ, ಹೊಸ ಎರಡನ್ನೂ ಹಿಂದೆ ಹಾಕಿಸಿ. ಈಗ ಹಿಂದೆ ಇರುವುದನ್ನು ಮುಂದಕ್ಕೆ ತನ್ನಿ. ಇದನ್ನು ಹೇಳಿದಾಗ ಅಂಗಡಿಯಲ್ಲಿ ಗಿರಾಕಿಗಳು ನನ್ನ ಜೊತೆ ವಾದಕ್ಕೆ ನಿಲ್ಲುತ್ತಾರೆ. ಆದರೂ ನಾನು ಬಿಡುವುದಿಲ್ಲ, ಯಾಕೆಂದರೆ ಇದು ಜೀವದ ಪ್ರಶ್ನೆ.

ಮಳೆಯಲ್ಲಿ ತಿರುವು ತೆಗೆದುಕೊಳ್ಳುವಾಗ ಮುಂದಿನ ಟೈರ್ ಜಾರಿದರೆ ಸ್ಟೇರಿಂಗ್ ಹಗುರಾಗಿ ಕೈಗೆ ತಿಳಿಯುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಿನ ಸಲ ಹಿಡಿತ ವಾಪಸ್ ಬರುತ್ತದೆ. ಹಿಂದಿನದು ಜಾರಿದರೆ ಗಾಡಿಯ ಹಿಂಭಾಗ ಬೀಸಿಕೊಂಡು ತಿರುಗಿಬಿಡುತ್ತದೆ. ಅದನ್ನು ಸರಿಪಡಿಸುವಷ್ಟು ಸಮಯ ಸಾಮಾನ್ಯ ಡ್ರೈವರ್‌ಗೆ ಸಿಗುವುದಿಲ್ಲ. ಎಳೆಯುವ ಚಕ್ರ ಮುಂದಿದ್ದರೂ ಹಿಂದಿದ್ದರೂ ಇದೇ ಮಾತು. ಎಡ ಬಲ ಎರಡೂ ಒಂದೇ ಕಂಪನಿಯ ಒಂದೇ ಮಾಡೆಲ್ ಇರಲಿ. ಎಡಕ್ಕೆ ಒಂದು, ಬಲಕ್ಕೆ ಒಂದು ಬೇಡ.

ಪ್ರಶ್ನೆ (ಕಲಬುರಗಿಯ ಸದಸ್ಯರು):

ಅಣ್ಣಾವ್ರೆ, ನಮ್ಮ ಕಡೆ ಬೇಸಿಗೆಯಲ್ಲಿ ಟೈರ್ ಒಡೆಯುವುದು ಜಾಸ್ತಿ. ಬಿಸಿಗೆ ಗಾಳಿ ಹಿಗ್ಗುತ್ತದೆ ಅಂತ ಎರಡು ಮೂರು ಪಾಯಿಂಟ್ ಕಮ್ಮಿ ಹಾಕುತ್ತೇವೆ. ಸರಿನಾ? ನೈಟ್ರೋಜನ್ ಹಾಕಿಸಿದರೆ ಉಪಯೋಗ ಇದೆಯಾ?

ಉತ್ತರ:

ದಯವಿಟ್ಟು ಕಮ್ಮಿ ಹಾಕಬೇಡಿ. ಬಿಸಿಲಿಗೆ ಗಾಳಿ ಹಿಗ್ಗುತ್ತದೆ, ನಿಜ. ಅಷ್ಟನ್ನು ತಡೆದುಕೊಳ್ಳುವಂತೆಯೇ ಟೈರ್ ಮಾಡಿರುತ್ತಾರೆ. ಒಡೆಯುವುದಕ್ಕೆ ದೊಡ್ಡ ಕಾರಣ ಕಮ್ಮಿ ಗಾಳಿ. ಗಾಳಿ ಕಮ್ಮಿ ಇದ್ದಾಗ ಟೈರಿನ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ. ಆ ಮಡಿಕೆಯಿಂದಲೇ ಬಿಸಿ ಹುಟ್ಟುತ್ತದೆ. ಮೇಲೆ ನಿಮ್ಮ ಊರಿನ ಬಿಸಿಲು, ಹೈವೇ ವೇಗ, ತುಂಬಿದ ಗಾಡಿ. ಒಳಗಿನ ಪದರ ಬಿಟ್ಟುಕೊಂಡು ಟೈರ್ ಸಿಡಿಯುತ್ತದೆ.

ಡ್ರೈವರ್ ಬಾಗಿಲು ತೆಗೆದರೆ ಕಂಬಕ್ಕೆ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅಲ್ಲಿ ಗಾಳಿ ಎಷ್ಟಿರಬೇಕು ಅಂತ ಇದೆ. ಕುಟುಂಬ ಸಮೇತ ಹೊರಟಾಗ ಎಷ್ಟು ಅನ್ನುವುದೂ ಬೇರೆಯಾಗಿ ಇರುತ್ತದೆ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ ಅಷ್ಟು ಹಾಕಿಸಿ. ಓಡಿ ಬಿಸಿಯಾದ ಮೇಲೆ ಜಾಸ್ತಿ ತೋರಿಸಿತು ಅಂತ ಗಾಳಿ ಬಿಡಬೇಡಿ. ಟೈರಿನ ಗೋಡೆಯ ಮೇಲೆ ಬರೆದಿರುವ ‘ಮ್ಯಾಕ್ಸ್’ ಅಂಕಿ ಆ ಟೈರಿನ ಮಿತಿ. ನಿಮ್ಮ ಗಾಡಿಗೆ ಹಾಕಬೇಕಾದ ಗಾಳಿ ಅದಲ್ಲ.

ನೈಟ್ರೋಜನ್ ಹಾಕಿಸಿದರೆ ತಪ್ಪೇನಿಲ್ಲ. ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಹದಿನೈದು ದಿನಕ್ಕೊಮ್ಮೆ ಮಾಮೂಲಿ ಗಾಳಿ ಚೆಕ್ ಮಾಡಿಸಿದರೆ ಸಾಕು.

ಪ್ರಶ್ನೆ (ದಾವಣಗೆರೆಯ ಸದಸ್ಯರು):

ಟೈರ್ ಬದಲಿಸುವ ಕಾಲ ಬಂದಿದೆ ಅಂತ ನಾವೇ ತಿಳಿಯುವುದು ಹೇಗೆ? ಅಂಗಡಿಯವರು ಹೇಳಿದ್ದನ್ನು ನಂಬಬೇಕಾ?

ಉತ್ತರ:

ನೀವೇ ನೋಡಬಹುದು ಸರ್. ಹೊಸ ಕಾರ್ ಟೈರಿನ ಗೀರು ಸುಮಾರು 8 ಮಿ.ಮೀ. ಆಳ ಇರುತ್ತದೆ. ಗೀರಿನ ತಳದಲ್ಲಿ ಅಲ್ಲಲ್ಲಿ ಅಡ್ಡ ದಿಂಡು ಕಾಣುತ್ತದೆ. ಅದರ ಎತ್ತರ 1.6 ಮಿ.ಮೀ. ಟೈರ್ ಸವೆದು ಆ ದಿಂಡಿನ ಮಟ್ಟಕ್ಕೆ ಬಂದರೆ ಕಾನೂನಿನ ಪ್ರಕಾರವೇ ಅದು ಮುಗಿದ ಟೈರ್. ಮಲೆನಾಡು, ಕರಾವಳಿಯವರಿಗೆ ನಾನು 3 ಮಿ.ಮೀ. ಇರುವಾಗಲೇ ಬದಲಿಸಿ ಅನ್ನುತ್ತೇನೆ. ನೀರನ್ನು ಹೊರಗೆ ತಳ್ಳುವುದು ಆ ಗೀರುಗಳೇ. ಆಳ ಕಮ್ಮಿಯಾದಷ್ಟೂ ನೀರು ಟೈರಿನ ಅಡಿಯಲ್ಲೇ ಉಳಿಯುತ್ತದೆ.

ಸವೆತ ಎಲ್ಲಿ ಆಗಿದೆ ಅನ್ನುವುದನ್ನೂ ನೋಡಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ ಹಾಕಿಸುತ್ತಿದ್ದೀರಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳು ನಿಲ್ಲುವ ಕೋನ) ಹೋಗಿದೆ. ಅಲ್ಲಲ್ಲಿ ತೇಪೆ ತೇಪೆಯಾಗಿ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ತೋರಿಸಿ. ಇದನ್ನು ಸರಿ ಮಾಡಿಸದೆ ಹೊಸ ಟೈರ್ ಹಾಕಿಸಿದರೆ ಅದೂ ಹಾಗೆಯೇ ಸವೆಯುತ್ತದೆ, ದುಡ್ಡು ಸುಮ್ನೆ ಹೋಗುತ್ತದೆ. ಹಳೆಯ ಟೈರ್ ಬಿಚ್ಚಿ ಆಚೆ ಹಾಕುವ ಮುಂಚೆ ಒಂದು ಸಲ ಅದರ ಮೈ ನೋಡಿ ಅನ್ನುವುದು ಅದಕ್ಕೇ.

ಪಕ್ಕದ ಗೋಡೆಯಲ್ಲಿ ಗುಳ್ಳೆ ಎದ್ದಿದ್ದರೆ ಕಾಯಬೇಡಿ. ಗುಂಡಿಗೆ ಬಿದ್ದು ಒಳಗಿನ ನೂಲು ಹರಿದಿರುತ್ತದೆ. ಅದಕ್ಕೆ ರಿಪೇರಿ ಇಲ್ಲ. ಗೋಡೆಗೆ ಆದ ಪಂಕ್ಚರ್‌ಗೂ ಇಲ್ಲ. ‘ಒಳಗೆ ಟ್ಯೂಬ್ ಹಾಕಿ ಓಡಿಸಿ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):

ನನ್ನದು ನೆಕ್ಸಾನ್ ಇವಿ, 215/60 ಆರ್16. ಮಾಮೂಲಿ ಟೈರ್ ಹಾಕಬಹುದಾ?

ಉತ್ತರ:

ಸೈಜು ಹೊಂದುತ್ತದೆ ಅಂತ ಸಿಕ್ಕಿದ್ದು ಹಾಕಬೇಡಿ. ಬ್ಯಾಟರಿಯಿಂದ ಗಾಡಿ ಭಾರ. ಭಾರದ ಸಂಖ್ಯೆ ಈಗಿರುವುದಕ್ಕಿಂತ ಕಮ್ಮಿ ಇರಲೇಬಾರದು. ಉರುಳುವಾಗ ತಡೆ ಕಮ್ಮಿ ಇರುವ ಟೈರ್ ಕೇಳಿ, ಇಲ್ಲದಿದ್ದರೆ ಒಂದು ಚಾರ್ಜ್‌ಗೆ ಬರುವ ದೂರ ಕಮ್ಮಿಯಾಗುತ್ತದೆ. ಮೋಟಾರಿನ ಸದ್ದಿಲ್ಲದ ಗಾಡಿಯಲ್ಲಿ ಟೈರಿನ ಸದ್ದು ಎದ್ದು ಕೇಳುತ್ತದೆ, ಅದನ್ನೂ ವಿಚಾರಿಸಿ.

ಮರು ಪ್ರಶ್ನೆ (ಉಡುಪಿಯ ಸದಸ್ಯರು):

ಸರ್, ಶನಿವಾರ ಹಾಕಿಸಲು ಹೋಗುತ್ತಿದ್ದೇನೆ. ಬಿಲ್ಲು, ಬಾಕಿ ಕೆಲಸ ಏನಾದರೂ ಇದೆಯಾ? ಭಾನುವಾರವೇ ತೀರ್ಥಹಳ್ಳಿಗೆ ಹೊರಡಬಹುದಾ?

ಉತ್ತರ:

ಜಿಎಸ್‌ಟಿ ಬಿಲ್ ತಗೊಳ್ಳಿ, ಟೈರಿನ ಸೀರಿಯಲ್ ನಂಬರ್ ಅದರಲ್ಲಿ ಬರೆಸಿ. ಮುಂದೆ ವಾರಂಟಿ ಕೇಳಲು ಬೇಕಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕಾರ್ ಟೈರಿನ ತೆರಿಗೆ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಹಳೆಯ ರೇಟ್ ಪಟ್ಟಿ ತೋರಿಸಿದರೆ ಇದನ್ನು ಹೇಳಿ.

ನಾಲ್ಕಕ್ಕೂ ಹೊಸ ವಾಲ್ವ್ ಹಾಕಿಸಿ, ಅದಕ್ಕೆ ದುಡ್ಡು ಜಾಸ್ತಿ ಇಲ್ಲ. ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎರಡೂ ಅದೇ ದಿನ ಆಗಲಿ. ಟೈರ್ ಮೇಲೆ ‘ಔಟ್‌ಸೈಡ್’ ಅಂತ ಬರೆದಿದ್ದರೆ ಆ ಪಕ್ಕ ಹೊರಗೆ ಬರಬೇಕು. ಬಾಣದ ಗುರುತು ಇದ್ದರೆ ಚಕ್ರ ಆ ಕಡೆಗೇ ತಿರುಗಬೇಕು. ಅವಸರದಲ್ಲಿ ಇದು ತಪ್ಪುತ್ತದೆ, ನಿಂತು ನೋಡಿ. ಹಳೆಯ ನಾಲ್ಕರಲ್ಲಿ ಯಾವುದನ್ನೂ ಸ್ಟೆಪ್ನಿಗೆ ಇಟ್ಟುಕೊಳ್ಳಬೇಡಿ. ಸ್ಟೆಪ್ನಿ ಬಳಸದೇ ಇದ್ದರೂ 2019ರದ್ದೇ, ಅದರ ಗಾಳಿ ಮತ್ತು ಬಿರುಕು ನೋಡಿಸಿ.

ಭಾನುವಾರ ಹೊರಡಬಹುದು. ಆದರೆ ಹೊಸ ಟೈರಿನ ಮೇಲ್ಮೈ ಮೊದಲು ನುಣುಪಾಗಿರುತ್ತದೆ. ಅಚ್ಚಿನಿಂದ ಬಿಡಿಸಲು ಹಾಕಿದ ಪದಾರ್ಥದ ಅಂಶ ಇನ್ನೂ ಅಂಟಿಕೊಂಡಿರುತ್ತದೆ. ಮೊದಲ ಇನ್ನೂರು ಮುನ್ನೂರು ಕಿ.ಮೀ. ನಿಧಾನ ಹೋಗಿ, ಘಾಟಿಯಲ್ಲಿ ಜೋರಾಗಿ ಬ್ರೇಕ್ ಒತ್ತುವ ಸಂದರ್ಭ ತಂದುಕೊಳ್ಳಬೇಡಿ. ತೀರ್ಥಹಳ್ಳಿ ಮುಟ್ಟಿದ ಮೇಲೆ ಗಾಡಿ ತಣ್ಣಗಾದಾಗ ವೀಲ್ ನಟ್ ಬಿಗಿ ಇದೆಯಾ ಒಂದು ಸಲ ಪರೀಕ್ಷಿಸಿ.

ಅಂಗಡಿಯಲ್ಲಿ ಟೈರ್ ಹೊರಗೆ ತೆಗೆದಾಗ ಆ ನಾಲ್ಕು ಅಂಕಿಯ ಫೋಟೋ ಇಲ್ಲಿ ಹಾಕಿ. ಶನಿವಾರ ಮಧ್ಯಾಹ್ನದವರೆಗೂ ಫೋನ್ ನನ್ನ ಕೈಯಲ್ಲೇ ಇರುತ್ತದೆ, ನೋಡಿ ಹೇಳುತ್ತೇನೆ.