ಘಾಟಿ ರಸ್ತೆಗೆ ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್: ಯಾವ ಗೇರ್‌ಬಾಕ್ಸ್?

ಕೇಳಿದ್ದು, ಚಿಕ್ಕಮಗಳೂರು: ಅಮ್ಮನೂ ಓಡಿಸೋಕೆ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಬೇಕು. ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಆಗಾಗ ಹೋಗ್ತೀವಿ. ಸೆಲೆರಿಯೋ ಎಜಿಎಸ್, ಜಾಝ್ ಸಿವಿಟಿ, ಗ್ರ್ಯಾಂಡ್ ಐ10 ಆಟೋಮ್ಯಾಟಿಕ್ ನೋಡಿದ್ದೀವಿ. ತಿಳಿದವರು ಹೇಳಿ.

ಮೂಡಿಗೆರೆಯಿಂದ: ಮೂರನ್ನೂ ಆಟೋಮ್ಯಾಟಿಕ್ ಅಂತಲೇ ಮಾರ್ತಾರೆ, ಒಳಗಿರೋದು ಬೇರೆ ಬೇರೆ. ಎಜಿಎಸ್‌ನಲ್ಲಿ ಮಾಮೂಲಿ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್ಚೇ ಇರೋದು; ಕ್ಲಚ್ ಒತ್ತೋದು, ಗೇರ್ ಹಾಕೋದು ಮಾತ್ರ ಆಕ್ಚುಯೇಟರ್, ಅಂದ್ರೆ ಕಾರಿನ ಕಂಪ್ಯೂಟರ್ ಹೇಳಿದಂತೆ ನಡೆಯೋ ಯಂತ್ರ. ಮೈಲೇಜ್ ಮ್ಯಾನುವಲ್‌ನಷ್ಟೇ ಕೊಡುತ್ತೆ. ಏರಿನಲ್ಲಿ ಗಾಡಿಗಳು ನಿಂತಾಗ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಲ್ಲೇ ಕಾರು ಹಿಡಿದಿಟ್ಟುಕೊಂಡ್ರೆ ಕ್ಲಚ್ ಉಜ್ಜಿ ಸುಟ್ಟ ವಾಸನೆ ಬರುತ್ತೆ. ಹ್ಯಾಂಡ್‌ಬ್ರೇಕ್ ಎಳೆದಿರಿ, ಗಾಡಿ ಮುಂದಕ್ಕೆ ಎಳೆಯೋಕೆ ಶುರು ಮಾಡಿದ ಮೇಲೆ ಬಿಡಿ. ಅಮ್ಮನಿಗೆ ಇದನ್ನೇ ಮೊದಲು ಅಭ್ಯಾಸ ಮಾಡಿಸಿ. ಕ್ಲಚ್ ಬದಲಾಯಿಸಿದ್ರೆ ಸ್ಕ್ಯಾನರ್ ಹಾಕಿ ಹೊಸ ಕ್ಲಚ್ ಎಲ್ಲಿ ಹಿಡಿಯುತ್ತೆ ಅಂತ ಆ ಕಂಪ್ಯೂಟರ್‌ಗೆ ಮತ್ತೆ ಕಲಿಸಬೇಕು, ಆ ಸ್ಕ್ಯಾನರ್ ಇಲ್ಲದ ಗ್ಯಾರೇಜಿಗೆ ಕೊಡಬೇಡಿ.

ಹಾಸನದಿಂದ: ಸಿವಿಟಿಯಲ್ಲಿ ಗೇರುಗಳ ಬದಲು ಎರಡು ಪುಲ್ಲಿ, ನಡುವೆ ಉಕ್ಕಿನ ಬೆಲ್ಟ್. ಪೇಟೆಯೊಳಗೆ ಓಡಿಸೋಕೆ ಇಷ್ಟು ನಯವಾದದ್ದು ಇನ್ನೊಂದಿಲ್ಲ. ಆದ್ರೆ ಎಣ್ಣೆ ವಿಷಯದಲ್ಲಿ ರಾಜಿ ಇಲ್ಲ: ಜಾಝ್‌ಗೆ ಹೋಂಡಾದ ಸಿವಿಟಿ ಎಣ್ಣೆ ಎಚ್‌ಸಿಎಫ್-2 ಮಾತ್ರ. ಸಾದಾ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ (ಎಟಿಎಫ್) ಸುರಿದಿದ್ರೆ ಬೆಲ್ಟ್ ಜಾರಿ ಪುಲ್ಲಿಗೆ ಗೀರು ಬೀಳುತ್ತೆ, ಆಮೇಲೆ ಖರ್ಚು ಕೈ ಮೀರುತ್ತೆ. ಸಿವಿಟಿ ಎಣ್ಣೆ ಬದಲಾಯಿಸಿದ ಬಿಲ್ ತೋರಿಸದಿದ್ರೆ ಆ ಗಾಡಿ ಬಿಟ್ಟುಬಿಡಿ, ಬೆಲೆ ಎಷ್ಟೇ ಇಳಿಸಲಿ.

ಸಕಲೇಶಪುರದಿಂದ: ನನ್ನ ಓಟು ಐ10ಗೆ. ನಾಲ್ಕೇ ಗೇರಿನ ಹಳೇ ಟಾರ್ಕ್ ಕನ್ವರ್ಟರ್, ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ನಿಜ. ಆದ್ರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಶಕ್ತಿ ದಾಟಿಸೋದು ಎಣ್ಣೆ, ಹಾಗಾಗಿ ಏರಿನಲ್ಲಿ ಸುಡೋಕೆ ಎಜಿಎಸ್ ತರದ ಕ್ಲಚ್ ಪ್ಲೇಟ್ ಅಲ್ಲಿಲ್ಲ. ಗೇರ್‌ಬಾಕ್ಸ್ ಎಣ್ಣೆ ಸ್ವಲ್ಪ ತೆಗೆಸಿ ನೋಡಿ: ಕಪ್ಪಾಗಿ ಸುಟ್ಟ ವಾಸನೆ ಬಂದ್ರೆ ಬೇಡ.

ಯಾವುದೇ ಆಗಲಿ, ಬೆಳಿಗ್ಗೆ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ. ಬರೋ ಮೊದಲೇ ಎಂಜಿನ್ ಬಿಸಿ ಮಾಡಬೇಡಿ ಅಂತ ಮಾರೋರಿಗೆ ಹೇಳಿರಿ. ಲಿವರ್ ಡಿಗೆ (ಡ್ರೈವ್) ಹಾಕಿದ ಕೂಡಲೇ ಢಕ್ ಅಂದ್ರೆ, ಹೊರಡುವಾಗ ನಡುಗಿದ್ರೆ ಅನುಮಾನ ಪಡಿ. ಆಮೇಲೆ ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತಿಸಿ. ಆರ್‌ಪಿಎಂ (ಎಂಜಿನ್ ಸುತ್ತು) ಏರಿದಷ್ಟು ಎಳೆತ ಬರದೆ ಎಜಿಎಸ್ ಸೋತ್ರೆ ಕ್ಲಚ್ ಮುಗಿದಿದೆ. ಸಿವಿಟಿಯಲ್ಲಿ ಆರ್‌ಪಿಎಂ ಮೊದಲು ಏರೋದು ಸಹಜ, ಅದಕ್ಕೆ ಹೆದರಬೇಡಿ. ಏರಿನಲ್ಲೇ ರಿವರ್ಸ್ ಕೂಡ ಹಾಕಿಸಿ.

ಮೂಡಿಗೆರೆಯಿಂದ: ಚಾರ್ಮಾಡಿ ಇಳಿಯುವಾಗ ಡಿಯಲ್ಲೇ ಬಿಟ್ಟು ಬ್ರೇಕ್ ತುಳೀತಾ ಹೋದ್ರೆ ಬ್ರೇಕ್ ಕಾದು ಪೆಡಲ್ ಮೆತ್ತಗಾಗುತ್ತೆ. ಎಂಜಿನ್ನೇ ವೇಗ ಹಿಡಿಯಲಿ: ಎಜಿಎಸ್ ಆದ್ರೆ ಲಿವರ್ ಎಂಗೆ (ಮ್ಯಾನುವಲ್) ಹಾಕಿ ಎರಡನೇ ಗೇರ್. ಜಾಝ್‌ನಲ್ಲಿ ಲಿವರ್ ಎಸ್ ಅಥವಾ ಎಲ್, ಯಾವುದಿದೆಯೋ ಅದು. ನ್ಯೂಟ್ರಲ್‌ನಲ್ಲಿ ಇಳಿಸೋದು ಬೇಡವೇ ಬೇಡ.